ಎರಡೂವರೆ ವರ್ಷ ಮುಲ್‌ವಾಡ್ ವಿಪಿಎನ್: ಕಲಬುರಗಿಯಲ್ಲಿ ಕೂತು ಗೇಮ್ ಆಡುವವಳ ಅನುಭವ

ಪಿಂಗ್ (ಗೇಮ್ ಸರ್ವರ್‌ಗೆ ಡೇಟಾ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ಕಡಿಮೆಯಾಗಲಿ ಅಂತ ವಿಪಿಎನ್ ಹುಡುಕುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ. ವಿಪಿಎನ್ ಅಂದರೆ ನಮ್ಮ ನೆಟ್ ಅನ್ನು ಬೇರೊಂದು ಸರ್ವರ್ ಮೂಲಕ ಕಳಿಸಿ ನಮ್ಮ ನಿಜ ವಿಳಾಸ ಮುಚ್ಚುವ ಸೇವೆ. ನಾನು ಸ್ವೀಡನ್‌ನ ಮುಲ್‌ವಾಡ್ ಕಂಪನಿಯದನ್ನು ತಗೊಂಡಿದ್ದು ಅದಕ್ಕಲ್ಲ. 2023ರ ಮೇ ತಿಂಗಳ ಒಂದು ರಾತ್ರಿ ಮುಖ ನೋಡದ ಒಬ್ಬ ಮನುಷ್ಯ ಆಟದ ಚಾಟ್‌ನಲ್ಲಿ ನಮ್ಮೂರಿನ ಹೆಸರು ಬರೆದ. ಅದಕ್ಕೆ ತಗೊಂಡೆ.

ನೆಹರು ಗಂಜ್‌ನಲ್ಲಿ ಕೆಳಗೆ ಅಪ್ಪನ ತೊಗರಿ ಬೇಳೆ ಅಂಗಡಿ, ಮೇಲೆ ನಮ್ಮ ಮನೆ. ಅಪ್ಪ ಊರಿಗೆ ಹೋದಾಗಲೂ ಅಂಗಡಿಯ ಸಿಸಿಟಿವಿಯನ್ನು ಫೋನಿನಲ್ಲಿ ನೋಡಬೇಕು ಅಂತ ಬ್ರಾಡ್‌ಬ್ಯಾಂಡ್‌ನವರ ಹತ್ತಿರ ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿದ್ದೆವು. ಅಂದರೆ ನಮ್ಮ ಲೈನಿಗೆ ಎಂದೂ ಬದಲಾಗದ ಒಂದೇ ವಿಳಾಸ. ಹಗಲು ನಾನು ಅದೇ ಲೈನಿನಲ್ಲಿ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ, ರಾತ್ರಿ ಗೇಮ್ ಆಡುತ್ತೇನೆ.

ಆಗ ಯಾರೋ ಖಾಸಗಿಯಾಗಿ ನಡೆಸುತ್ತಿದ್ದ ಒಂದು ಮೈನ್‌ಕ್ರಾಫ್ಟ್ (ಚೌಕದ ಇಟ್ಟಿಗೆ ಜೋಡಿಸಿ ಕಟ್ಟುವ ಆಟ) ಸರ್ವರ್‌ನಲ್ಲಿ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟುತ್ತಿದ್ದೆ. 1367ರಲ್ಲಿ ಕಟ್ಟಿದ್ದು ಅದು. ಬೇರೆ ಮಸೀದಿಗಳಿಗೆ ಇರುವಂಥ ಬಯಲು ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಮಾಡು, ಮೇಲೆ ಸಾಲುಸಾಲು ಸಣ್ಣ ಗುಮ್ಮಟ. ಒಳಗಿನ ಆ ಅಗಲ ಕಮಾನುಗಳನ್ನು ಚೌಕದ ಇಟ್ಟಿಗೆಗಳಲ್ಲಿ ತರೋದು ಸುಲಭವಲ್ಲ, ಮೂರು ವಾರ ಹಿಡಿದಿತ್ತು. ಜಾಗದ ವಿಷಯಕ್ಕೆ ಸರ್ವರ್ ನಡೆಸುವವನ ಜತೆ ಜಗಳವಾಯಿತು. ಅವನು ಚಾಟ್‌ನಲ್ಲಿ ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯ ಹೆಸರು ಬರೆದು, ಪಕ್ಕದಲ್ಲಿ 'ಗುಲ್ಬರ್ಗಾ' ಅಂತ ಬರೆದ. ಬೇರೆ ಏನೂ ಬರೆಯಲಿಲ್ಲ. ನಾನು ಎಲ್ಲೂ ಊರು ಹೇಳಿದವಳಲ್ಲ. ಕೈ ಕೀಬೋರ್ಡ್ ಮೇಲೆ ನಿಂತುಬಿಟ್ಟಿತು. ಎದ್ದು ಹೋಗಿ ಕೆಳಗಿನ ಶಟರ್‌ನ ಕೀಲಿ ಇನ್ನೊಮ್ಮೆ ನೋಡಿ ಬಂದೆ. ಹದಿನೈದು ನಿಮಿಷದಲ್ಲಿ ನೆಟ್ ಸತ್ತಿತು, ಅದರ ಜತೆ ಸಿಸಿಟಿವಿಯೂ ಹೋಯಿತು. ಬೀದರ್‌ಗೆ ಹೋಗಿದ್ದ ಅಪ್ಪನ ಫೋನು: "ಅಂಗಡಿ ಕಾಣವಲ್ದು, ಏನಾಗ್ಯಾದ ನೋಡವಾ."

ಬೆಳಗ್ಗೆ ಲೈನ್ ನೋಡಲು ಬಂದ ಹುಡುಗ ತನ್ನ ಫೋನಿನಲ್ಲಿ ಗ್ರಾಫ್ ತೋರಿಸಿದ. "ಅಕ್ಕಾರ, ನಿಮ್ಮ ಲೈನಿಗಿ ಹೊರಗಿಂದ ಯಾರೋ ಕಸ ಸುರಿಲಿಕತ್ತಾರ್ರಿ. ನೂರು ಎಂಬಿ ಪೂರಾ ತುಂಬಿ ಹೋಗ್ಯಾದ." ಐಪಿ ಬದಲಿಸಿ ಕೊಟ್ಟು ಹೋದ.

ಆಮೇಲೆ ತಿಳಿದುಕೊಂಡಿದ್ದು ಇಷ್ಟು. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಸರ್ವರ್ ನಡೆಸುವವನಿಗೆ, ಒಳಗೆ ಬಂದ ಪ್ರತಿಯೊಬ್ಬರ ಐಪಿ ವಿಳಾಸ ಲಾಗ್‌ನಲ್ಲಿ, ಅಂದರೆ ಸರ್ವರ್ ಬರೆದಿಡುವ ದಾಖಲೆಯಲ್ಲಿ, ಕಾಣುತ್ತದೆ. ಐಪಿ ಗೊತ್ತಾದರೆ ಯಾವ ಕಂಪನಿ, ಸುಮಾರಾಗಿ ಯಾವ ಊರು ಅಂತ ಹೇಳುವ ಪಟ್ಟಿಗಳು ಯಾರಿಗೆ ಬೇಕಾದರೂ ಸಿಗುತ್ತವೆ. 2014ರಲ್ಲೇ ಊರಿನ ಹೆಸರು ಕಲಬುರಗಿ ಆಗಿದ್ದರೂ ಅವನ ಪಟ್ಟಿಯಲ್ಲಿ ಗುಲ್ಬರ್ಗಾ ಅಂತಲೇ ಇತ್ತು. ಮನೆ, ಓಣಿ ಅದರಲ್ಲಿ ಸಿಗೋದಿಲ್ಲ. ಅದು ಆ ರಾತ್ರಿ ನನಗೆ ಗೊತ್ತಿರಲಿಲ್ಲ.

ಮುಲ್‌ವಾಡ್‌ಗೆ ಬರುವ ಮುಂಚೆ ಎರಡು ಕಡೆ ಹೋಗಿ ಬಂದೆ. ಮೊದಲಿನದು ಫೋನಿನ ಒಂದು ಫ್ರೀ ಆ್ಯಪ್. ಕನೆಕ್ಟ್ ಒತ್ತಿದರೆ ಜಾಹೀರಾತು, ಬಿಟ್ಟರೆ ಜಾಹೀರಾತು, ಮೇಲೆ ಕಾಂಟ್ಯಾಕ್ಟ್ಸ್ ನೋಡಲು ಪರ್ಮಿಷನ್ ಬೇರೆ ಬೇಕಂತೆ. ವಿಪಿಎನ್‌ಗೆ ನನ್ನ ಕಾಂಟ್ಯಾಕ್ಟ್ಸ್ ಏಕೆ? ಅದೇ ದಿನ ತೆಗೆದುಹಾಕಿದೆ. ಬಳಕೆದಾರರ ಓಡಾಟವನ್ನೇ ಕಂಪನಿಗೆ ಒಪ್ಪಿಸುತ್ತಿದ್ದ ಉಚಿತ ವಿಪಿಎನ್‌ಗಳು ನಿಜಕ್ಕೂ ಇದ್ದವು. ಫೇಸ್‌ಬುಕ್‌ನ ಒನಾವೊ ಅಂಥದ್ದೇ, 2018ರಲ್ಲಿ ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು.

ಎರಡನೆಯದು ಎರಡು ವರ್ಷದ ಪ್ಲಾನ್ ಮೇಲೆ ಭಾರಿ ರಿಯಾಯಿತಿ ಅಂತ ಗಡಿಯಾರ ಓಡಿಸುವ ಒಂದು ದೊಡ್ಡ ಕಂಪನಿಯದು. ಅದರಲ್ಲಿ 'ಇಂಡಿಯಾ, ಮುಂಬೈ' ಅಂತ ಸರ್ವರ್ ಇತ್ತು. ಖುಷಿಯಿಂದ ಹಾಕಿದರೆ ಮುಂಬೈ ಗೇಮ್ ಸರ್ವರ್‌ಗೆ 30 ಇದ್ದ ಪಿಂಗ್ 140. ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ತೋರಿಸುವ ಟ್ರೇಸ್‌ರೂಟ್ ಹಾಕಿ ನೋಡಿದೆ, ನನ್ನ ಪ್ಯಾಕೆಟ್‌ಗಳು ಸಿಂಗಾಪುರಕ್ಕೆ ಹೋಗಿ ತಿರುಗಿ ಬರುತ್ತಿದ್ದವು. ಇದಕ್ಕೊಂದು ಕಾರಣವಿದೆ. ಗೇಮ್‌ಗಾಗಿ ವಿಪಿಎನ್ ನೋಡುವವರೆಲ್ಲ ಇದನ್ನು ತಿಳಿದಿರಲೇಬೇಕು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಏನನ್ನೂ ಬರೆದಿಡೋದಿಲ್ಲ ಅನ್ನೋದೇ ಈ ಕಂಪನಿಗಳ ಮಾತಾದ್ದರಿಂದ, ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಎಲ್ಲರೂ ಆ ವರ್ಷವೇ ಭಾರತದಿಂದ ಸರ್ವರ್ ಎತ್ತಿಕೊಂಡು ಹೋದರು. ಐಪಿ ಮಾತ್ರ ಭಾರತದ್ದು, ಯಂತ್ರ ಹೊರದೇಶದಲ್ಲಿ ಅನ್ನುವ ವ್ಯವಸ್ಥೆ ಹೀಗೆ ಸಾಮಾನ್ಯವಾಯಿತು. ಸಿನಿಮಾ ನೋಡಲು ಅಡ್ಡಿಯಿಲ್ಲ. ಗುಂಡು ಹಾರಿಸುವ ಆಟಕ್ಕೆ ಆಗೋದಿಲ್ಲ.

ಮುಲ್‌ವಾಡ್‌ನಲ್ಲಿ ಭಾರತದ ಸರ್ವರ್ ಇಲ್ಲವೇ ಇಲ್ಲ, ಪಟ್ಟಿಯಲ್ಲಿ ನಮಗೆ ಅನುಕೂಲವಾದದ್ದು ಸಿಂಗಾಪುರ. ಇಲ್ಲದ್ದನ್ನು ಇದೆ ಅಂತ ತೋರಿಸದ ಈ ಗುಣವೇ ನನಗೆ ಮೊದಲು ಹಿಡಿಸಿತು. 2023ರ ಆಗಸ್ಟ್‌ನಲ್ಲಿ ಸೇರಿದೆ. ಸೇರೋದು ಅಂದರೆ ಒಂದು ಬಟನ್ ಒತ್ತಿದರೆ 16 ಅಂಕಿಯ ಒಂದು ನಂಬರ್ ಬರುತ್ತದೆ. ಇಮೇಲ್ ಕೇಳಲಿಲ್ಲ, ಹೆಸರು ಕೇಳಲಿಲ್ಲ, ಪಾಸ್‌ವರ್ಡೂ ಇಲ್ಲ. ಆ ನಂಬರೇ ಎಲ್ಲ. ಅಪ್ಪನ ಹಳೇ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ, ನಾಲ್ಕು ನಾಲ್ಕು ಅಂಕಿ ಬಿಡಿಸಿ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ನೀವೂ ಎಲ್ಲಾದರೂ ಬರೆದಿಡಿ. ಕಳೆದರೆ ನಿಮ್ಮ ಅಕೌಂಟ್ ಯಾವುದು ಅಂತ ಹೇಳಲು ಅವರ ಹತ್ತಿರ ನಿಮ್ಮ ಹೆಸರೇ ಇರೋದಿಲ್ಲವಲ್ಲ.

'ಲಾಗ್ ಇಡುವುದಿಲ್ಲ' ಅಂತ ಎಲ್ಲರೂ ಬೋರ್ಡ್ ಹಾಕುತ್ತಾರೆ. ಇವರ ಮಾತು ಪರೀಕ್ಷೆಗೆ ಬಿದ್ದಿದ್ದೂ ಉಂಟು. 2023ರ ಏಪ್ರಿಲ್ 18ರಂದು ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಗೋಥೆನ್‌ಬರ್ಗ್‌ನ ಇವರ ಆಫೀಸಿಗೆ ಬಂದರು. ಗ್ರಾಹಕರ ಮಾಹಿತಿ ನಮ್ಮಲ್ಲಿ ಇಲ್ಲ ಅಂತ ತೋರಿಸಿದ ಮೇಲೆ ಏನನ್ನೂ ತೆಗೆದುಕೊಳ್ಳದೆ ತಿರುಗಿ ಹೋದರು ಅಂತ ಕಂಪನಿಯೇ ಪ್ರಕಟಿಸಿತು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ತಮ್ಮ ವಿಪಿಎನ್ ಸರ್ವರ್‌ಗಳೆಲ್ಲ ಡಿಸ್ಕ್ ಇಲ್ಲದೆ ರ್‍ಯಾಮ್ ಮೇಲೆಯೇ ಓಡುವಂತೆ ಮಾಡಿದ್ದಾಗಿಯೂ ಹೇಳಿದರು. ಪ್ಲಗ್ ಕಿತ್ತರೆ ಒಳಗೆ ಏನೂ ಉಳಿಯೋದಿಲ್ಲ. ನನ್ನ ಮಟ್ಟಿಗೆ ಆಯ್ಕೆ ಮುಗಿದಿದ್ದು ಇಲ್ಲಿ.

ಈಗ ಪಿಂಗ್ ಮಾತು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಮುಂಬೈನಿಂದ ಸಿಂಗಾಪುರ ನೇರ ಗೆರೆಯಲ್ಲೇ 3,900 ಕಿಲೋಮೀಟರ್ ಆಸುಪಾಸು. ಹೋಗಿ ಬರಲು ಕಡಿಮೆ ಅಂದರೂ 39 ಮಿಲಿಸೆಕೆಂಡ್ ಬೇಕು, ಸಮುದ್ರದಡಿಯ ಕೇಬಲ್ ನೇರವಾಗಿರೋದಿಲ್ಲವಾದ್ದರಿಂದ ಇನ್ನೂ ಹೆಚ್ಚು. ಇದನ್ನು ಯಾವ ಕಂಪನಿಯೂ ದುಡ್ಡು ತಗೊಂಡು ಕಡಿಮೆ ಮಾಡಲಾರದು. ನಾನು ಆಡುವ ಗುಂಡು ಹಾರಿಸುವ ಆಟಗಳಾದ ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಎರಡಕ್ಕೂ ಮುಂಬೈನಲ್ಲೇ ಸರ್ವರ್ ಇವೆ. ನಮ್ಮ ಮನೆಯಿಂದ ನೇರವಾಗಿ 28ರಿಂದ 32, ಸಿಂಗಾಪುರದ ಮೂಲಕ ಹೋದರೆ 135ರ ಮೇಲೆ. ಆದರೆ ಸರ್ವರ್ ಸಿಂಗಾಪುರದಲ್ಲೇ ಇರುವ ಮೈನ್‌ಕ್ರಾಫ್ಟ್‌ಗೆ ನೇರ ಹೋದರೆ 74, ವಿಪಿಎನ್ ಹಾಕಿದರೆ 77. ದಾರಿಯಲ್ಲೇ ಸಿಗುವ ಊರಿನಲ್ಲಿ ಇಳಿದು ಹತ್ತಿದ ಹಾಗೆ, ಸುತ್ತು ಬೀಳೋದಿಲ್ಲ.

ಹಾಗಾಗಿ ವಿಪಿಎನ್ ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು, ನಾನು ಆಡುವ ಆಟದಲ್ಲಿ ನನ್ನ ಐಪಿ ಯಾರಿಗೆ ಕಾಣುತ್ತದೆ ಅಂತ. ವ್ಯಾಲೊರಂಟ್‌ನಲ್ಲಿ ಕಾಣೋದು ಕಂಪನಿಯ ಸರ್ವರ್‌ಗೆ, ಎದುರಾಳಿಗಲ್ಲ. ಕೌಂಟರ್-ಸ್ಟ್ರೈಕ್‌ನ ಅಧಿಕೃತ ಪಂದ್ಯಗಳಲ್ಲಿ ಅದರ ಕಂಪನಿ ವಾಲ್ವ್ ಡೇಟಾವನ್ನು ತನ್ನದೇ ರಿಲೇ ಜಾಲದ ಮೂಲಕ ಕಳಿಸುತ್ತದೆ, ಅಲ್ಲೂ ಭಯವಿಲ್ಲ. ಕಾಣೋದು ಖಾಸಗಿ ಸರ್ವರ್‌ಗಳಲ್ಲಿ, ಮತ್ತು ಇಬ್ಬರು ಆಟಗಾರರ ಯಂತ್ರಗಳನ್ನು ನೇರವಾಗಿ ಜೋಡಿಸುವ ಆಟಗಳಲ್ಲಿ. ಮುಲ್‌ವಾಡ್‌ನ ಸ್ಪ್ಲಿಟ್ ಟನೆಲಿಂಗ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯಾವ ಪ್ರೋಗ್ರಾಂ ವಿಪಿಎನ್ ಬಿಟ್ಟು ನೇರ ಹೋಗಬೇಕು ಅಂತ ಅದರಲ್ಲಿ ಗುರುತು ಹಾಕಬಹುದು. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಎರಡನ್ನೂ ಹೊರಗಿಟ್ಟಿದ್ದೇನೆ. ಮೈನ್‌ಕ್ರಾಫ್ಟ್, ಬ್ರೌಸರ್, ಚಾಟ್ ಎಲ್ಲ ಒಳಗೆ. ಒಮ್ಮೆ ಮಾಡಿಟ್ಟ ಮೇಲೆ ಆನ್ ಆಫ್ ಮಾಡುವ ಗೋಜೇ ಉಳಿದಿಲ್ಲ.

ವಿಪಿಎನ್ ಹಾಕಿದಾಗ ಪಿಂಗ್ ಇಳಿದದ್ದು ಇಷ್ಟು ದಿನದಲ್ಲಿ ಒಂದೇ ಸಲ. ಒಂದು ಮಳೆಗಾಲ ನಮ್ಮ ಲೈನಿನಿಂದ ಸಿಂಗಾಪುರದ ಆ ಸರ್ವರ್‌ಗೆ ದಾರಿ ಎಲ್ಲೆಲ್ಲೋ ಸುತ್ತಿಕೊಂಡು 190 ಆಗಿತ್ತು, ವಿಪಿಎನ್ ಮೂಲಕ 80ಕ್ಕೆ ಬಂತು. ಕೆಲವು ವಾರದಲ್ಲಿ ನೇರ ದಾರಿಯೂ ಸರಿಹೋಯಿತು. ಇದೊಂದನ್ನು ನಂಬಿ ವಿಪಿಎನ್ ಖರೀದಿಸಬೇಡಿ. ಕೆಳಗಿನ ರೌಟರ್‌ನಿಂದ ಮೆಟ್ಟಿಲ ಪಕ್ಕ ಎಳೆದು ತಂದ ಒಂದು ಲ್ಯಾನ್ ಕೇಬಲ್, ವೈಫೈನಲ್ಲಿ ಹಾರುತ್ತಿದ್ದ ನನ್ನ ಪಿಂಗ್ ಅನ್ನು ಒಂದೇ ದಿನದಲ್ಲಿ ನಿಲ್ಲಿಸಿತು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು, ಕರೆಂಟ್ ಬಗ್ಗೆ. ಮೇ ತಿಂಗಳು ಬಿಸಿಲು 43 ದಾಟಿದಾಗ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತದೆ. ಕಂಪ್ಯೂಟರ್ ಇನ್ವರ್ಟರ್ ಮೇಲಿದ್ದರೂ ರೌಟರ್ ಸತ್ತು ಹುಟ್ಟುತ್ತದೆ. ಆ ನಡುವಿನ ಕೆಲವು ಸೆಕೆಂಡಿನಲ್ಲಿ ವಿಪಿಎನ್ ಇನ್ನೂ ಕೂಡಿಕೊಳ್ಳದೆ ಆಟ ಮಾತ್ರ ನೇರ ಕೂಡಿಕೊಂಡರೆ ನಿಮ್ಮ ನಿಜ ವಿಳಾಸ ಲಾಗ್‌ನಲ್ಲಿ ಕೂತುಬಿಡುತ್ತದೆ. ಇದನ್ನು ತಡೆಯೋದೇ ಕಿಲ್ ಸ್ವಿಚ್. ಮುಲ್‌ವಾಡ್‌ನಲ್ಲಿ ಅದು ಯಾವಾಗಲೂ ಆನ್ ಇರುತ್ತದೆ, ಆಫ್ ಮಾಡುವ ಬಟನ್ನೇ ಇಲ್ಲ. ಬೇರೆ ವಿಪಿಎನ್ ತಗೊಂಡರೂ ಇದನ್ನು ಮೊದಲು ಹುಡುಕಿ ಆನ್ ಮಾಡಿ. ಜತೆಗೆ ವೈರ್‌ಗಾರ್ಡ್ ಇರಲಿ. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನೆಲ್‌ನೊಳಗೇ (ಆಪರೇಟಿಂಗ್ ಸಿಸ್ಟಂನ ತಿರುಳಿನೊಳಗೇ) ಸೇರಿದ, ವಿಪಿಎನ್ ಕೂಡಿಸುವ ಪ್ರೋಟೊಕಾಲ್ ಅದು. ಹಗುರ, ಲೈನ್ ಬಂದ ಕ್ಷಣಕ್ಕೆ ಕೂಡಿಕೊಳ್ಳುತ್ತದೆ. ಕರೆಂಟ್ ಬಂದು ರೌಟರ್‌ನ ಹಸಿರು ದೀಪ ನಿಂತಾಗ ನಾನು ಮೌಸ್ ಹಿಡಿಯುವಷ್ಟರಲ್ಲಿ ಆ್ಯಪ್ ಕೂಡ ಹಸಿರಾಗಿರುತ್ತದೆ.

ಮನೆಯಲ್ಲೇ ಸರ್ವರ್ ನಡೆಸಿ ಗೆಳತಿಯರನ್ನು ಕರೆಯಬೇಕು ಅನ್ನುವವರಿಗೆ ಇದು ಒಗ್ಗೋದಿಲ್ಲ. ಹೊರಗಿನವರು ನಮ್ಮ ಯಂತ್ರಕ್ಕೆ ಬರಲು ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್ ಅನ್ನು ಇವರು 2023ರ ಜುಲೈ 1ರಿಂದ ನಿಲ್ಲಿಸಿದ್ದಾರೆ, ಕೆಲವರು ಅದನ್ನು ದುರುಪಯೋಗ ಮಾಡಿಕೊಂಡರು ಅಂತ. ನಾವು ಐದು ಜನ ಸೇರಿ ಬಾಡಿಗೆ ಸರ್ವರ್ ತಗೊಂಡೆವು. ಮಸೀದಿಯನ್ನು ಅಡಿಪಾಯದಿಂದ ಮತ್ತೆ ಕಟ್ಟಿದ್ದೇನೆ, ಈ ಸಲ ಕಮಾನು ಇನ್ನೂ ಚೆಂದ ಬಂದಿವೆ.

ಖರ್ಚು ತಿಂಗಳಿಗೆ 5 ಯೂರೋ. 2009ರಿಂದ ಇದೇ ದರ, ವರ್ಷದ್ದು ಒಟ್ಟಿಗೆ ಕಟ್ಟಿದರೂ ರಿಯಾಯಿತಿ ಇಲ್ಲ. ಐದು ಸಾಧನಗಳಿಗೆ ಸಾಕಾಗುತ್ತದೆ. ಶುರುವಿನಲ್ಲಿ ನನಗೆ 450ರಿಂದ 500 ರೂಪಾಯಿ ಬೀಳುತ್ತಿತ್ತು, ಮೇಲೆ ಬ್ಯಾಂಕಿನ ಕನ್ವರ್ಷನ್ ಶುಲ್ಕ. ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಅನ್ನು ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಬೇಕು. ತಾನೇ ದುಡ್ಡು ಕತ್ತರಿಸಿಕೊಳ್ಳುವ ಸಬ್‌ಸ್ಕ್ರಿಪ್ಷನ್ ಇಲ್ಲ. ಮುಗಿಯುತ್ತ ಬಂದಾಗ ಆ್ಯಪ್ ತಿಳಿಸುತ್ತದೆ, ನಾನು ಅಂಗಡಿಯ ಲೈಟ್ ಬಿಲ್ ಕಟ್ಟುವ ದಿನವೇ ಇದನ್ನೂ ಕಟ್ಟುತ್ತೇನೆ. ಕಾರ್ಡಿನಲ್ಲಿ ಕಟ್ಟಿದ್ದು ಬ್ಯಾಂಕಿಗೆ ಗೊತ್ತಿರುತ್ತದೆ, ಅದನ್ನು ಮುಚ್ಚಿಡಲು ನಾನು ಹೋಗಿಲ್ಲ.

ವಿಪಿಎನ್ ಮುಚ್ಚಿಡದ್ದು ಬೇರೆಯೂ ಇದೆ. ಗೇಮ್ ಕಂಪನಿಗೆ ನೀವು ಯಾರು ಅನ್ನೋದು ನಿಮ್ಮ ಅಕೌಂಟ್‌ನಿಂದಲೇ ಗೊತ್ತು. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ವ್ಯಾಲೊರಂಟ್‌ನ ಪ್ರೋಗ್ರಾಂ ವ್ಯಾನ್‌ಗಾರ್ಡ್ ನಿಮ್ಮ ಕಂಪ್ಯೂಟರಿನ ಕರ್ನೆಲ್ ಮಟ್ಟದಲ್ಲೇ ಕೂತಿರುತ್ತದೆ, ಅದಕ್ಕೂ ವಿಪಿಎನ್‌ಗೂ ಸಂಬಂಧವಿಲ್ಲ. ಚಾಟ್‌ನಲ್ಲಿ ನೀವೇ ಕಾಲೇಜಿನ ಹೆಸರು ಹೇಳಿದರೆ ಐಪಿ ಮುಚ್ಚಿ ಏನು ಬಂತು? ಬೇರೆ ದೇಶದಲ್ಲಿದ್ದ ಹಾಗೆ ತೋರಿಸಿ ಸ್ಟೀಮ್‌ನಲ್ಲಿ ಅಗ್ಗಕ್ಕೆ ಗೇಮ್ ಕೊಳ್ಳೋದು ಅವರ ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗಬಹುದು. ದುಡ್ಡು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ, ವಿಪಿಎನ್ ಹಾಕಿಕೊಂಡರೆ ಅದು ಸರಿಯಾಗೋದಿಲ್ಲ.

ಕಳೆದ ತಿಂಗಳು ಬೀದರ್‌ನಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಕ್ಕಾ, ನಾನೂ ತಗೋಳ್ಲೇನು?" ಏನು ಆಡ್ತಿ ಅಂದೆ. ಮೊಬೈಲ್ ಡೇಟಾದಾಗ ಬಿಜಿಎಂಐ ಅಂದ. ಬ್ಯಾಡಪಾ ಅಂದೆ. ಪಬ್‌ಜಿಯ ಭಾರತದ ಆವೃತ್ತಿಯಾದ ಆ ಆಟ ಕಂಪನಿಯ ಸರ್ವರ್‌ನಲ್ಲೇ ನಡೆಯುತ್ತದೆ, ಮೇಲೆ ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಎಷ್ಟೋ ಗ್ರಾಹಕರಿಗೆ ಹಂಚಿರುತ್ತವೆ, ನಮ್ಮ ಸಿಸಿಟಿವಿ ಲೈನಿನ ಹಾಗೆ ಅವನೊಬ್ಬನದೇ ವಿಳಾಸ ಅಂತ ಇರೋದಿಲ್ಲ. "ಮತ್ತ ಹಾಸ್ಟೆಲ್ ವೈಫೈದಾಗ?" ಅಂದ. ಎಲ್ಲರೂ ಹಂಚಿಕೊಳ್ಳುವ ನೆಟ್ ಅದು, ಅಲ್ಲಿ ಹಾಕು ಅಂದೆ. ಅದಕ್ಕೆ ದುಡ್ಡು ಕೊಡುವ ಅಗತ್ಯವಿಲ್ಲ, ಪ್ರೋಟಾನ್‌ನ ಉಚಿತ ಪ್ಲಾನ್‌ನಲ್ಲಿ ಡೇಟಾ ಮಿತಿಯೂ ಇಲ್ಲ, ಜಾಹೀರಾತೂ ಇಲ್ಲ. ಆಡುವಾಗ ಮಾತ್ರ ಆಫ್ ಮಾಡಿಕೊಳ್ಳಲು ಹೇಳಿದ್ದೇನೆ.