ಮಾಲ್ಡೀವ್ಸ್: ಊರಿನ ಗೆಸ್ಟ್‌ಹೌಸೋ, ರೆಸಾರ್ಟೋ?

ಹೋದ ಜನವರಿಯಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರೂ ಮಾಲ್ಡೀವ್ಸ್‌ಗೆ ಹೋಗಿದ್ದೆವು. ಮೂರು ರಾತ್ರಿ ಮಾಫುಶಿ ಅನ್ನುವ ಊರಿನ ಗೆಸ್ಟ್‌ಹೌಸ್‌ನಲ್ಲಿ, ಆಮೇಲೆ ಎರಡು ರಾತ್ರಿ ಒಂದು ರೆಸಾರ್ಟ್‌ನಲ್ಲಿ ಇದ್ದೆವು. ಒಂದರಿಂದ ಇನ್ನೊಂದಕ್ಕೆ ಬೋಟಿನಲ್ಲಿ ಇಪ್ಪತ್ತೇ ನಿಮಿಷ. ಎರಡರಲ್ಲಿ ಯಾವುದು ಅಂತ ಈಗ ಗೆಳತಿಯರು ಕೇಳುತ್ತಲೇ ಇದ್ದಾರೆ. ಹಾಗಾಗಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಆ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ. ಊರು ಅಂತ ಇರುವುದು 200ರ ಆಸುಪಾಸಿನಲ್ಲಿ ಮಾತ್ರ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾಯಿತು, ಆಮೇಲೆ ಬಹಳ ವರ್ಷ ಪ್ರವಾಸಿಗಳಿಗೆ ಬೇರೆ ದ್ವೀಪ, ಜನರಿಗೆ ಬೇರೆ ದ್ವೀಪ ಅನ್ನುವ ಪದ್ಧತಿ ನಡೆದುಬಂದಿತ್ತು. ಒಂದು ರೆಸಾರ್ಟ್ ಅಂದರೆ ಒಂದು ಇಡೀ ದ್ವೀಪ. ಊರಿನ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿಗೆ ದಾರಿ ಸಿಕ್ಕಿದ್ದು 2010ರ ಹೊತ್ತಿಗೆ. ನಮ್ಮಂಥವರ ಕೈಗೆ ಮಾಲ್ಡೀವ್ಸ್ ಎಟುಕಿದ್ದು ಆಮೇಲೆಯೇ.

ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಗೆಸ್ಟ್‌ಹೌಸ್‌ನಲ್ಲಿ ಮೂವರ ರೂಮು, ಬೆಳಗಿನ ತಿಂಡಿ ಸೇರಿ ದಿನಕ್ಕೆ 85 ಡಾಲರ್. ರೆಸಾರ್ಟ್‌ನಲ್ಲಿ ದಡದ ಮೇಲಿನ ವಿಲ್ಲಾ, ಜೊತೆಗೊಂದು ಹೆಚ್ಚುವರಿ ಹಾಸಿಗೆ, ತಿಂಡಿ ಮತ್ತು ರಾತ್ರಿ ಊಟ ಸೇರಿ ದಿನಕ್ಕೆ 520 ಡಾಲರ್. ನೀರಿನ ಮೇಲಿನ ವಿಲ್ಲಾ ಇನ್ನೂ ಜಾಸ್ತಿ, ನಾವು ಆ ಕಡೆ ನೋಡಲಿಲ್ಲ. ಇದರ ಮೇಲೆ ಗ್ರೀನ್ ಟ್ಯಾಕ್ಸ್ ಇದೆ. 2025ರಿಂದ ರೆಸಾರ್ಟ್‌ನಲ್ಲಿ ಒಬ್ಬರಿಗೆ ದಿನಕ್ಕೆ 12 ಡಾಲರ್, ಊರಿನ ಸಣ್ಣ ಗೆಸ್ಟ್‌ಹೌಸ್‌ನಲ್ಲಿ 6 ಡಾಲರ್. ನಮಗೆ ಎರಡು ರಾತ್ರಿಯ ರೆಸಾರ್ಟ್‌ಗೆ 72 ಡಾಲರ್ ಈ ತೆರಿಗೆಗೇ ಹೋಯಿತು.

ನಮ್ಮ ಲೆಕ್ಕ ತಪ್ಪಿದ್ದು ಮಧ್ಯಾಹ್ನದ ಊಟದಲ್ಲಿ. ರೆಸಾರ್ಟ್ ದ್ವೀಪದಲ್ಲಿ ಹೊರಗೆ ಹೋಗಿ ತಿನ್ನಲು ಇನ್ನೊಂದು ಅಂಗಡಿ ಅನ್ನುವುದೇ ಇಲ್ಲ. ಮೆನುವಿನಲ್ಲಿ 28 ಡಾಲರ್ ಅಂತಿದ್ದ ಒಂದು ತರಕಾರಿ ಸ್ಯಾಂಡ್‌ವಿಚ್, ಶೇಕಡ 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇಕಡ 17 ತೆರಿಗೆ ಸೇರಿ 36 ಡಾಲರ್ ಆಯಿತು. ಅತ್ತೆ ಬಿಲ್ ನೋಡಿದರು, ಸ್ಯಾಂಡ್‌ವಿಚ್ ಮುಟ್ಟಲಿಲ್ಲ. ಬ್ಯಾಗಿನಿಂದ ಅವಲಕ್ಕಿ ತೆಗೆದರು. ನನಗೆ ನಿಜಕ್ಕೂ ಬೇಜಾರಾಯಿತು. ಸೊಪ್ಪಿನಿಂದ ಹಿಡಿದು ಅಕ್ಕಿಯವರೆಗೆ ಬಹುತೇಕ ಎಲ್ಲವೂ ಹೊರಗಿನಿಂದಲೇ ಬರಬೇಕು, ಕುಡಿಯುವ ನೀರನ್ನೂ ಸಮುದ್ರದ ಉಪ್ಪು ತೆಗೆದು ಮಾಡಬೇಕು. ರೇಟು ಏರುವುದು ಅರ್ಥವಾಗುತ್ತದೆ. ಆದರೆ ಬುಕ್ ಮಾಡುವಾಗಲೇ ಮೂರೂ ಹೊತ್ತಿನ ಊಟ ಸೇರಿಸಿಕೊಳ್ಳಿ ಅಂತ ಅವರೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ನೀವು ಹೋಗುವುದಾದರೆ ದಯವಿಟ್ಟು ಸೇರಿಸಿಕೊಳ್ಳಿ.

ಮಾಫುಶಿಯಲ್ಲಿ ಊಟದ ಚಿಂತೆ ಇರಲಿಲ್ಲ. ಮೀನು ತಿನ್ನದವರಿಗೆ ಕಷ್ಟವಾಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಅಲ್ಲಿಯವರ ಬೆಳಗಿನ ತಿಂಡಿ ಮಾಸ್ ಹುನಿ. ಮಾಸ್ ಅಂದರೆ ಮೀನು, ಹುನಿ ಅಂದರೆ ಕಾಯಿತುರಿ. ಟ್ಯೂನಾ ಮೀನಿನ ಚೂರು, ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಎಲ್ಲ ಕೈಯಲ್ಲೇ ಕಿವುಚಿ, ರೋಶಿ ಅನ್ನುವ ಚಪಾತಿ ಜೊತೆ ಕೊಡುತ್ತಾರೆ. ಮೀನು ಬೇಡ ಅಂದರೆ ಉಳಿದದ್ದನ್ನೇ ಕಲಸಿ ಕೊಟ್ಟರು. ಎರಡನೇ ದಿನ ಅತ್ತೆ ಸುಮ್ನೆ ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತರು. ಒಳಗೆ ಒಬ್ಬ ಹೆಂಗಸು ಕಾಯಿ ತುರಿಯುತ್ತಾ ಕೂತಿದ್ದಳು. ಕೂತಿದ್ದು ತಗ್ಗಿನ ಮರದ ಮಣೆ, ಮುಂದೆ ಚಾಚಿದ ಕಬ್ಬಿಣದ ಹಲ್ಲು. ಥೇಟ್ ಕುಂದಾಪುರದ ನಮ್ಮ ಮನೆಯ ತುರಿಮಣೆ! ಅವರು ಅದಕ್ಕೆ ಹುನಿಗೊಂಡಿ ಅನ್ನುತ್ತಾರೆ. ಅತ್ತೆ ಸನ್ನೆಯಲ್ಲೇ ಕೇಳಿ ಅದರ ಮೇಲೆ ಕೂತರು, ಸೆರಗು ಸಿಕ್ಕಿಸಿದರು, ಒಂದು ಹೋಳು ಪೂರ್ತಿ ತುರಿದುಕೊಟ್ಟರು. ಆ ಹೆಂಗಸು ಬಟ್ಟಲು ಎತ್ತಿ ನೋಡಿದಳು. ಕರಟದ ಕಂದು ಸಿಪ್ಪೆ ಒಂದು ಚೂರೂ ತುರಿಯಲ್ಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಹೋಳು ಅತ್ತೆಗಾಗಿ ಕಾದಿತ್ತು.

ಊರು ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಅಷ್ಟೇ. ಸಂಜೆ ಬಂದರಿನ ಹತ್ತಿರ ಜನ ಜೋಲಿಗಳಲ್ಲಿ ಕೂತು ಹರಟೆ ಹೊಡೆಯುತ್ತಾರೆ. ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿ ಅದು. ಅವರ ಭಾಷೆಯಲ್ಲೂ ಅದರ ಹೆಸರು ಹೆಚ್ಚು ಕಡಿಮೆ ಜೋಲಿ ಅಂತಲೇ ಕೇಳಿಸುತ್ತದೆ. ಅತ್ತೆ ಅದರಲ್ಲಿ ಕೂತರೆ ಏಳುತ್ತಿರಲಿಲ್ಲ. ಅಲ್ಲಿಯ ನಿಯಮಗಳನ್ನು ಮಾತ್ರ ಪಾಲಿಸಬೇಕು. ಬೀದಿಯಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಬೇಕು. ಈಜುಡುಗೆಗೆ ಬಿಕಿನಿ ಬೀಚ್ ಅಂತ ಬೇರೆ ಜಾಗ ಮಾಡಿದ್ದಾರೆ. ಮದ್ಯ ಊರಿನಲ್ಲಿ ಇಲ್ಲವೇ ಇಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತವೆ. ಇದ್ಯಾವುದೂ ನಮಗೆ ತೊಂದರೆ ಅನ್ನಿಸಲಿಲ್ಲ. ಹನಿಮೂನ್‌ಗೆ ಹೋಗುವ ಜೋಡಿಗೆ ಅನ್ನಿಸಬಹುದು.

ಆದರೆ ಸಮುದ್ರ? ಇಲ್ಲಿ ರೆಸಾರ್ಟ್ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ.

ಮಾಫುಶಿಯಲ್ಲಿ ದಡದಿಂದ ಇಳಿದರೆ ಕಾಣುವುದು ಕಡಿಮೆ. ಒಳ್ಳೆಯ ಜಾಗ ನೋಡಬೇಕಾದರೆ ಬೋಟ್ ಟ್ರಿಪ್ ತೆಗೆದುಕೊಳ್ಳಬೇಕು. ನಾವೂ ಹೋದೆವು. ಆಮೆ ಕಂಡಿತು, ಡಾಲ್ಫಿನ್ ಕಂಡವು, ಒಂದು ಮರಳು ದಿಬ್ಬದ ಮೇಲೆ ಊಟ ಮಾಡಿದೆವು. ಆದರೆ ಒಂದೇ ಆಮೆಯ ಹಿಂದೆ ನಾಲ್ಕು ಬೋಟಿನ ಜನ ಬಿದ್ದಿದ್ದರು. ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ. ಆ ಆಮೆಯನ್ನು ನೋಡಿ ನನಗೆ ಪಾಪ ಅನ್ನಿಸಿತು.

ರೆಸಾರ್ಟ್‌ನಲ್ಲಿ ಕಟ್ಟೆಯ ಏಣಿ ಇಳಿದು ಇಪ್ಪತ್ತು ಕೈ ಬೀಸಿದರೆ ಸಾಕು, ಹವಳದ ದಿಬ್ಬದ ಅಂಚು ಬರುತ್ತದೆ. ಅಲ್ಲಿಯವರೆಗೆ ತಿಳಿಹಸಿರಾಗಿದ್ದ ನೀರು ಅಲ್ಲಿಂದ ಮುಂದೆ ಕಡುನೀಲಿ. ಬೆಳಿಗ್ಗೆ ಆರೂವರೆಗೆ ಇಳಿದಾಗ ನಾವಿಬ್ಬರೇ. ತಲೆ ನೀರಿನೊಳಗೆ ಇಟ್ಟ ಕೂಡಲೇ ಒಂದು ಸದ್ದು ಕೇಳಿಸಿತು, ಯಾರೋ ಪಕ್ಕದಲ್ಲಿ ಕೂತು ಕಲ್ಲುಸಕ್ಕರೆ ಜಗಿಯುವ ಹಾಗೆ ಕಟಕಟ ಅಂತ. ಗಿಳಿಮೀನು! ಹಸಿರು, ಗುಲಾಬಿ ಮೈ, ಗಿಳಿಯ ಕೊಕ್ಕಿನಂಥ ಬಾಯಿ. ಹವಳದ ಕಲ್ಲನ್ನು ಕಚ್ಚಿ ಪಾಚಿ ತಿನ್ನುತ್ತದೆ, ಕಲ್ಲಿನ ಪುಡಿ ಹಿಂದಿನಿಂದ ಮೋಡದ ಹಾಗೆ ಹೊರಗೆ ಬರುತ್ತದೆ. ಅಲ್ಲಿಯ ಬಿಳಿ ಮರಳಿನ ಬಹುಪಾಲು ಹೀಗೆ ಆದದ್ದೇ. ಬಣ್ಣ ಬಿಳಿ ಇರುವುದಕ್ಕೇ ಮಧ್ಯಾಹ್ನವೂ ಆ ಮರಳು ಕಾಲು ಸುಡುವುದಿಲ್ಲ. ಮರವಂತೆಯಲ್ಲಿ ಹನ್ನೆರಡು ಗಂಟೆಗೆ ಬರಿಗಾಲಲ್ಲಿ ನಡೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದನ್ನೂ ಹೇಳಬೇಕು. ಆಳವಿಲ್ಲದ ಕಡೆ ಹವಳ ಬಹಳಷ್ಟು ಸತ್ತಿದೆ, ಬೂದಿ ಬಣ್ಣ. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಹವಳ ಬೆಳ್ಳಗಾಗಿ ಸತ್ತದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ. ಉಳಿದಿರುವುದರ ಮೇಲೆ ಕಾಲಿಟ್ಟು ನಿಲ್ಲುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸುಸ್ತಾದರೆ ಅಂಗಾತ ತೇಲಿ, ನಿಲ್ಲಬೇಡಿ.

ನೀರಿನಿಂದ ಹೊರಗೆ ಬಂದ ಮೇಲೆ ರೆಸಾರ್ಟ್‌ನಲ್ಲಿ ಅತ್ತೆಗೆ ಮಾಡಲು ಏನೂ ಇರಲಿಲ್ಲ. ರೂಮು ದೊಡ್ಡದು, ಶುಚಿ, ಕೆಲಸದವರು ತುಂಬಾ ಮರ್ಯಾದಸ್ಥರು. ಆದರೆ ದ್ವೀಪ ಸುತ್ತಲು ಹದಿನೈದು ನಿಮಿಷ ಸಾಕು. ಎರಡನೇ ಸಂಜೆ "ಇಲ್ಲಿ ಮನೆ ಅಂತ ಯಾರದ್ದೂ ಇಲ್ಲ ಅಲ್ಲ ಮಾರಾಯ್ತಿ" ಅಂದರು. ಮಾಫುಶಿಯ ಆ ಅಡುಗೆಮನೆ ಅವರಿಗೆ ನೆನಪಾಗಿತ್ತು.

ಗಡಿಯಾರದ ವಿಷಯ ಯಾರೂ ನಮಗೆ ಹೇಳಿರಲಿಲ್ಲ. ರಾಜಧಾನಿ ಮಾಲೆಯ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಸುಮಾರು ರೆಸಾರ್ಟ್‌ಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟುಕೊಂಡಿರುತ್ತವೆ, ಸಂಜೆಯ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ. ಫೋನು ಮಾಲೆಯ ಸಮಯವನ್ನೇ ತೋರಿಸುತ್ತದೆ. ನಾವು ಫೋನ್ ನಂಬಿ ಒಂಬತ್ತೂ ಮುಕ್ಕಾಲಿಗೆ ತಿಂಡಿಗೆ ಹೋದರೆ, ಅಲ್ಲಿ ಹತ್ತೂ ಮುಕ್ಕಾಲು. ತಟ್ಟೆಗಳನ್ನು ಎತ್ತುತ್ತಿದ್ದರು. ಹಣ್ಣು, ಬ್ರೆಡ್ಡು ಕೊಟ್ಟು ಕಳಿಸಿದರು. ಚೆಕ್-ಇನ್ ಆದ ಕೂಡಲೇ ಸಮಯ ಕೇಳಿಕೊಳ್ಳಿ.

ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಫುಶಿಗೆ ಏರ್‌ಪೋರ್ಟಿನಿಂದ ಸ್ಪೀಡ್‌ಬೋಟಿನಲ್ಲಿ ಅರ್ಧ, ಮುಕ್ಕಾಲು ಗಂಟೆ. ಮಾಲೆಯಿಂದ ಸರ್ಕಾರಿ ಫೆರಿ ಬಹಳ ಅಗ್ಗ, ಆದರೆ ಒಂದೂವರೆ ಗಂಟೆ ಬೇಕು, ಶುಕ್ರವಾರ ಇಲ್ಲ. ದೂರದ ರೆಸಾರ್ಟ್‌ಗೆ ಸೀಪ್ಲೇನ್ ಬೇಕಾದರೆ ನೆನಪಿಡಿ, ಅದು ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ಇಳಿದರೆ ಆ ರಾತ್ರಿಗೆ ಇನ್ನೊಂದು ಹೋಟೆಲ್ ಖರ್ಚು.

ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಊರನ್ನೇ ಆರಿಸುತ್ತೇನೆ, ಅದರಲ್ಲೂ ಹಿರಿಯರು ಜೊತೆಗಿದ್ದರೆ. ನನ್ನ ಗಂಡ ಒಪ್ಪುವುದಿಲ್ಲ. ಬೆಳಿಗ್ಗೆ ನೀರಿನಲ್ಲಿ ಕಳೆದ ಆ ಒಂದು ಗಂಟೆಗೆ ಎಷ್ಟು ಕೊಟ್ಟರೂ ಸರಿ ಅನ್ನುತ್ತಾರೆ, ಅದೂ ಸುಳ್ಳಲ್ಲ. ಎರಡೂ ಬೇಕಾದರೆ ಊರು ಮೊದಲು, ರೆಸಾರ್ಟ್ ಆಮೇಲೆ. ತಿರುಗಿಸಿದರೆ ಗೆಸ್ಟ್‌ಹೌಸ್ ರೂಮು ಇಕ್ಕಟ್ಟು ಅನ್ನಿಸುತ್ತದೆ. ರೆಸಾರ್ಟ್‌ಗೆ ಒಂದೇ ಹಗಲು ಹೋಗಿಬರುವ ಪಾಸನ್ನೂ ಮಾಫುಶಿಯ ಗೆಸ್ಟ್‌ಹೌಸ್‌ಗಳು ಮಾಡಿಕೊಡುತ್ತವೆ, ಆದರೆ ಬೆಳಿಗ್ಗೆ ಆರೂವರೆಯ ನೀರು ಅದರಲ್ಲಿ ಸಿಗುವುದಿಲ್ಲ.

ಎಲ್ಲ ರೆಸಾರ್ಟ್‌ಗೂ ದಡದಿಂದ ಈಜಿ ಹೋಗುವಷ್ಟು ಹತ್ತಿರ ಹವಳ ಇರುವುದಿಲ್ಲ. ಕೆಲವು ಕಡೆ ಸುತ್ತ ಬರೀ ಮರಳು, ಸೊಂಟದ ಮಟ್ಟದ ನೀರು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಮುಂದಿನ ಸಲಕ್ಕೆ ನಾನು ಮೂರು ಕಡೆ ಮೇಲ್ ಹಾಕಿ ಒಂದೇ ಪ್ರಶ್ನೆ ಕೇಳಿದ್ದೇನೆ: ಏಣಿಯಿಂದ ಹವಳದ ಅಂಚಿಗೆ ಎಷ್ಟು ಮೀಟರ್? ಒಬ್ಬರು ಸ್ಪಾ ಫೋಟೋ ಕಳಿಸಿದರು. ಇನ್ನೊಬ್ಬರು ಬೋಟಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದರು. ಮೂರನೆಯವರು "30 ಮೀಟರ್" ಅಂತ ಬರೆದಿದ್ದಾರೆ.