ಹಳೇ ವಿಸಿಆರ್ ಕೊಳ್ಳುವವರೇ, ಮಾರುವವನು ಕಳಿಸಿದ ವಿಡಿಯೋ ನಂಬಬೇಡಿ

ಹಳೇ ಮದುವೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಬೇಕು ಅಂತ ಸೆಕೆಂಡ್ ಹ್ಯಾಂಡ್ ವಿಸಿಆರ್ (ವಿಡಿಯೋ ಕ್ಯಾಸೆಟ್ ಓಡಿಸುವ ಡೆಕ್) ಹುಡುಕುತ್ತಿದ್ದೀರಾ? ದಯವಿಟ್ಟು ಇದನ್ನು ಓದಿ. ನನ್ನ 6,500 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಅಕ್ಕನ ಮದುವೆ ಟೇಪನ್ನು ಆ ಡೆಕ್ ನುಂಗಿತು. ಹೊಟ್ಟೆ ಉರಿಯುತ್ತಿರುವುದು ಅದಕ್ಕೆ.

ಹೊಸ ವಿಸಿಆರ್ ಈಗ ತಯಾರಾಗುವುದೇ ಇಲ್ಲ. ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಹಳೇದೇ ಗತಿ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು.

ಆನ್‌ಲೈನ್ ಜಾಹೀರಾತು ನೋಡಿ ಫೋನ್ ಮಾಡಿದೆ. "ಸೂಪರ್ ಕಂಡೀಷನ್ ಸಾರ್, ಹೆಡ್ ಕ್ಲೀನ್ ಮಾಡ್ಸಿದೀನಿ" ಅಂದ. ಹೆಡ್ ಅಂದರೆ ಟೇಪಿನಿಂದ ಚಿತ್ರ ಓದುವ ಭಾಗ. ಕ್ಯಾಸೆಟ್ ಓಡಿಸಿ ತೋರಿಸಿ ಅಂದೆ. ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಮನೆಗೇ ಬಂದು ನೋಡುತ್ತೇನೆ ಅಂದರೆ ಬೇಡ ಅಂದ. ಜಯನಗರದಲ್ಲಿ ರಸ್ತೆ ಬದಿ ಸಿಕ್ಕ. ಪಕ್ಕದ ಬೇಕರಿಯಲ್ಲಿ ಪ್ಲಗ್ ಕೇಳಿ ಆನ್ ಮಾಡಿದ. ಲೈಟ್ ಬಂತು, ಕ್ಯಾಸೆಟ್ ಒಳಗೆ ಹೋಯಿತು, ಹೊರಗೆ ಬಂತು. "ಓಡೋದನ್ನ ವಿಡಿಯೋದಲ್ಲೇ ನೋಡಿದ್ರಲ್ಲ ಸಾರ್" ಅಂದ.

ಮನೆಯಲ್ಲಿ ಮೊದಲು ಬೇಡದ ಕ್ಯಾಸೆಟ್ ಹಾಕಿದೆ. ಚುಕ್ಕೆ ಚುಕ್ಕೆ ಬಂದರೂ ಓಡಿತು. ಆಮೇಲೆ ಅಕ್ಕನ ಕ್ಯಾಸೆಟ್. 1993ರದು. ವರಪೂಜೆ ನಡೆಯುತ್ತಿದೆ, ಈಗಿಲ್ಲದ ಅಪ್ಪ ಬೀಗರನ್ನು ಕರೆದು ಕೂರಿಸುತ್ತಿದ್ದಾರೆ. ಅಷ್ಟರಲ್ಲಿ ಕಿರ್ ಅಂತ ಸದ್ದು. ಚಿತ್ರ ಹೋಯಿತು. ಎಜೆಕ್ಟ್ ಒತ್ತಿದರೆ ಕ್ಯಾಸೆಟ್ ಅರ್ಧ ಬಂತು, ಟೇಪು ಒಳಗೆ ಸುತ್ತಿಕೊಂಡಿತ್ತು.

ರಿಪೇರಿಯವರು ಬಿಚ್ಚಿ ತೋರಿಸಿದರು. ರಬ್ಬರ್ ಬೆಲ್ಟ್, ಐಡ್ಲರ್ (ಟೇಪಿನ ಚಕ್ರ ತಿರುಗಿಸುವ ಚಿಕ್ಕ ರಬ್ಬರ್ ಗಾಲಿ) ಎಲ್ಲ ಗಟ್ಟಿಯಾಗಿ ಜಾರುತ್ತಿದ್ದವು. ಒಂದು ಕಡೆಯಿಂದ ಟೇಪ್ ಎಳೆಯುತ್ತಲೇ ಇರುತ್ತದೆ, ಇನ್ನೊಂದು ಕಡೆ ಸುತ್ತಿಕೊಳ್ಳುವ ಚಕ್ರ ತಿರುಗುವುದಿಲ್ಲ. ಟೇಪು ಒಳಗೇ ಗುಪ್ಪೆಯಾಗುತ್ತದೆ. "ಇದನ್ನ ಎಷ್ಟೋ ವರ್ಷದಿಂದ ಯಾರೂ ಬಿಚ್ಚಿಲ್ಲ" ಅಂದರು. ಹಾಗಾದರೆ ಹೆಡ್ ಕ್ಲೀನ್ ಮಾಡಿಸಿದ್ದು?

ರಾತ್ರಿ ಆ ವಿಡಿಯೋ ಮತ್ತೆ ನೋಡಿದೆ. ಅದರಲ್ಲಿ ಕ್ಯಾಸೆಟ್ ಹಾಕುವ ಬಾಯಿ ನಡುವೆ ಇದೆ. ನನ್ನ ಡೆಕ್‌ನಲ್ಲಿ ಎಡಕ್ಕೆ. ಬೇರೆ ಮಷಿನ್! ಅವನು ತೋರಿಸಿದ್ದೇ ಬೇರೆ, ಕೊಟ್ಟಿದ್ದೇ ಬೇರೆ. ಮೈಯೆಲ್ಲ ಬಿಸಿಯಾಯಿತು. ಮನೆಯವರಿಗೆ ಹೇಳುವುದಕ್ಕೂ ನಾಚಿಕೆ. ಅಕ್ಕನಿಗೆ ಏನಂತ ಹೇಳಲಿ?

ಫೋನ್ ಮಾಡಿದರೆ ಮೊದಲು "ನಿಮ್ಮ ಕ್ಯಾಸೆಟ್ಟೇ ಹಾಳಾಗಿರುತ್ತೆ ಸಾರ್". ಆಮೇಲೆ "ಹಳೇ ಸಾಮಾನಿಗೆ ಗ್ಯಾರಂಟಿ ಯಾರು ಕೊಡ್ತಾರೆ?". ವಿಡಿಯೋ ವಿಷಯ ಎತ್ತಿದೆ. "ಅದು ಸ್ಯಾಂಪಲ್ ಸಾರ್" ಅಂದ. ಸ್ಯಾಂಪಲ್ ಅಂತೆ! ವಿಸಿಆರ್‌ಗೆ ಯಾವ ಸ್ಯಾಂಪಲ್? ಅರ್ಧ ದುಡ್ಡಾದರೂ ಕೊಡಿ ಅಂದಿದ್ದಕ್ಕೆ ಬ್ಲಾಕ್ ಮಾಡಿದ.

ಟಿವಿ ಇರುವ ಕಡೆಯೇ ಹೋಗಿ, ನಿಮ್ಮ ಕೈಯಲ್ಲಿರುವ ಬೇಡದ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ. ರಿವೈಂಡ್, ಫಾರ್ವರ್ಡ್ ಎರಡೂ ಕೊನೆಯವರೆಗೆ ಮಾಡಿ, ಬೆಲ್ಟ್, ಐಡ್ಲರ್ ಜಾರುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಿಂದಿನ ಸ್ಟಿಕ್ಕರ್ ನೋಡಿ: ಅಮೆರಿಕದಿಂದ ಬಂದ 110 ವೋಲ್ಟ್, ಎನ್‌ಟಿಎಸ್‌ಸಿ ಡೆಕ್‌ಗಳನ್ನೂ ಸುಮ್ನೆ ತಲೆಗೆ ಕಟ್ಟುತ್ತಾರೆ, ಎನ್‌ಟಿಎಸ್‌ಸಿ ಅಲ್ಲಿನ ಟಿವಿ ಪದ್ಧತಿ, ನಮ್ಮ ಕ್ಯಾಸೆಟ್‌ಗಳು ಇಲ್ಲಿನ ಪಾಲ್ ಪದ್ಧತಿಯವು. ನಿಮ್ಮ ಕ್ಯಾಸೆಟ್‌ನಲ್ಲಿ ಬಿಳಿ ಬೂಷ್ಟು ಇದ್ದರೆ ಯಾವ ಡೆಕ್‌ಗೂ ಹಾಕಬೇಡಿ, ಹೆಡ್‌ಗೂ ಹತ್ತುತ್ತದೆ. ರಸ್ತೆಯಲ್ಲಿ ಕೊಡುತ್ತೇನೆ ಅನ್ನುವವನ ಹತ್ತಿರ ಮಾತೇ ಬೇಡ.

ಮೊನ್ನೆ ನೋಡಿದರೆ ಅವನ ಜಾಹೀರಾತು ಬೇರೆ ಹೆಸರಲ್ಲಿ ಮತ್ತೆ ಬಂದಿದೆ. ಅದೇ ಫೋಟೋ: ಬೂದು ಬಣ್ಣದ ಡೆಕ್, ಹಿಂದೆ ಹಸಿರು ಗೋಡೆ, ಕೆಳಗೆ "ಹೆಡ್ ಕ್ಲೀನ್ಡ್". ಕಂಡರೆ ರಿಪೋರ್ಟ್ ಮಾಡಿ. ನಾನು ಮಾಡಿದ್ದೇನೆ, ಇನ್ನೂ ತೆಗೆದಿಲ್ಲ.