ಹಳೆಯ ಮ್ಯಾಚ್ ಏರ್ ರೈಫಲ್ ಕೊಳ್ಳುವ ಮುಂಚೆ ಸಿಲಿಂಡರ್ ಮೇಲಿನ ತಾರೀಕು ಓದಿ

10 ಮೀಟರ್ ಏರ್ ರೈಫಲ್ ಕಲಿಯಲು ಆಗಷ್ಟೇ ಸೇರಿದ್ದ ಎಡಗೈ ಹುಡುಗಿಗೆಂದು ಮನೆಯವರು ವಾಟ್ಸಾಪ್ ಗ್ರೂಪಿನಲ್ಲಿ ಕಂಡ ಜರ್ಮನ್ ರೈಫಲೊಂದನ್ನು ಲಕ್ಷಕ್ಕೂ ಮೀರಿ ಕೊಟ್ಟು ತರಿಸಿದರು. ಫೋಟೋದಲ್ಲಿ ಥಳಥಳ ಅನ್ನುತ್ತಿತ್ತು, ಬೆಲೆ ಹೊಸದರ ಅರ್ಧ. ಪೆಟ್ಟಿಗೆ ತೆರೆದರೆ ಬಲಗೈಯವರ ಸ್ಟಾಕ್ (ಹೆಗಲಿಗೆ, ಕೆನ್ನೆಗೆ ಒರಗಿಸುವ ಹಿಡಿ), ಅವಧಿ ಮುಗಿದ ಸಿಲಿಂಡರ್. ಗುರಿ ನೋಡುವ ಹಿಂದಿನ ಸೈಟ್ ಇಲ್ಲ, ಗಾಳಿ ತುಂಬುವ ಅಡಾಪ್ಟರ್ ಇಲ್ಲ, ಬಿಲ್ಲೂ ಇಲ್ಲ. ಮಾರಿದವರು ಮತ್ತೆ ಫೋನ್ ಎತ್ತಲಿಲ್ಲ. ದುಡ್ಡು ಹಾಕುವ ಮುಂಚೆ ನಾಲ್ಕು ಫೋಟೋ ಕೇಳಿದ್ದರೆ ಇಷ್ಟೂ ಗೊತ್ತಾಗುತ್ತಿತ್ತು.

ಮೊದಲು ಸಿಲಿಂಡರ್, ಅಂದರೆ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾರಿಸುವ ಒತ್ತಡದ ಗಾಳಿ ತುಂಬಿದ ಕೊಳವೆ. ತಯಾರಾದ ತಿಂಗಳು, ವರ್ಷ ಅದರ ಮೈಮೇಲೇ ಇರುತ್ತದೆ. ಹೆಚ್ಚಿನ ಮ್ಯಾಚ್ ರೈಫಲ್ ಸಿಲಿಂಡರುಗಳ ಆಯಸ್ಸು 10 ವರ್ಷ. ಕೆಲವು ಕಂಪನಿಗಳು ಇನ್ನೂ ಹೆಚ್ಚು ಕೊಡುತ್ತವೆ. ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳುವುದು ಶೂಟರ್‌ನದೇ ಜವಾಬ್ದಾರಿ ಎಂದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್ಎಸ್ಎಫ್) ನಿಯಮವೇ ಹೇಳುತ್ತದೆ, ಪಂದ್ಯದ ಸಲಕರಣೆ ತಪಾಸಣೆಯಲ್ಲಿ ಕೇಳಲೂಬಹುದು. 200 ಬಾರ್, ಅಂದರೆ ವಾತಾವರಣದ ಸುಮಾರು 200 ಪಟ್ಟು ಒತ್ತಡ ಕೆನ್ನೆಯಿಂದ ಗೇಣು ದೂರದಲ್ಲಿ ಕೂತಿರುತ್ತದೆ ಎನ್ನುವುದು ನೆನಪಿರಲಿ. ಹೊಸ ಸಿಲಿಂಡರಿಗೆ ಹತ್ತಾರು ಸಾವಿರ ಬೇಕು. ಆ ಮೊತ್ತವನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಸೋರಿಕೆ ನೋಡುವುದರಲ್ಲಿ ಹೊಸಬರು ಎರಡು ಥರ ಮೋಸ ಹೋಗುತ್ತಾರೆ. ತುಂಬಿದ ಕೂಡಲೇ ಗಾಳಿ ಬಿಸಿಯಾಗಿರುತ್ತದೆ. 10 ಡಿಗ್ರಿ ತಣಿದರೆ 200 ಬಾರಿನಲ್ಲಿ ಆರೇಳು ಬಾರ್ ತಾನೇ ಇಳಿಯುತ್ತದೆ. ಅದು ಸೋರಿಕೆಯಲ್ಲ. ಒಂದು ಗಂಟೆ ಬಿಟ್ಟು ಸಿಲಿಂಡರಿನ ಗೇಜ್ ಓದಿ, ರೈಫಲಿಗೆ ಜೋಡಿಸಿಯೇ ರಾತ್ರಿಯಿಡೀ ಇಟ್ಟು, ಹೆಚ್ಚುಕಡಿಮೆ ಅದೇ ತಾಪಮಾನದಲ್ಲಿ ಮತ್ತೆ ಓದಿ. ಆಗಲೂ ಮುಳ್ಳು ಇಳಿದಿದ್ದರೆ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ಅಥವಾ ವಾಲ್ವ್ ಹೋಗಿದೆ. ಓ-ರಿಂಗ್ ಅಗ್ಗದ ವಸ್ತು, ಆದರೆ ಬಿಚ್ಚಿ ಹಾಕಬಲ್ಲ ಮೆಕ್ಯಾನಿಕ್ ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಎರಡನೆಯದು ಮಾತಿನ ಮೋಸ: ‘ಗೇಜ್ ಸರಿ ತೋರಿಸುವುದಿಲ್ಲ, ಒಳಗೆ ಫುಲ್ ಇದೆ’ ಎನ್ನುವ ಮಾರಾಟಗಾರನ ಜೊತೆ ವಾದಕ್ಕಿಳಿಯಬೇಡಿ, ಎದ್ದು ಬನ್ನಿ.

ಹೊರಗೆ ಕಾಣದ ರೋಗ ರೆಗ್ಯುಲೇಟರಿನದು, ಅಂದರೆ ಪ್ರತಿ ಶಾಟ್‌ಗೂ ಒಂದೇ ಒತ್ತಡದಲ್ಲಿ ಗಾಳಿ ಬಿಡುವ ಭಾಗದ್ದು. ಅದು ಸವೆದಿದ್ದರೆ ರೈಫಲ್ ಸುಮ್ಮನಿದ್ದಾಗ ಒಳಗಿನ ಒತ್ತಡ ಮೆಲ್ಲಗೆ ಏರುತ್ತದೆ. ಕಾಲು ಗಂಟೆ ಬಿಟ್ಟು ಹೊಡೆದ ಮೊದಲ ಪೆಲೆಟ್ ಮಾತ್ರ ಹೆಚ್ಚು ವೇಗವಾಗಿ ಹೋಗಿ ಮೇಲಕ್ಕೆ ಬೀಳುತ್ತದೆ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದ ರೈಫಲಿನಲ್ಲಿ ಆ ವೇಗ ಸೆಕೆಂಡಿಗೆ 10 ಮೀಟರಿನಷ್ಟು ವ್ಯತ್ಯಾಸವಾದರೆ ಟಾರ್ಗೆಟ್ಟಿನಲ್ಲಿ ಸುಮಾರು 2 ಮಿ.ಮೀ. ಏರುಪೇರು. ರಿಂಗಿನಿಂದ ರಿಂಗಿಗೆ ಅಂತರ ಇರುವುದೇ 2.5 ಮಿ.ಮೀ. ಮಗು ತನ್ನ ಕೈ ನಡುಗುತ್ತಿದೆ ಎಂದುಕೊಂಡು ತಿಂಗಳುಗಟ್ಟಲೆ ಪರದಾಡುತ್ತದೆ. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇರುವ ಕ್ಲಬ್ಬಿಗೆ ಒಯ್ದು ಹತ್ತು ಶಾಟ್ ಹೊಡೆಸಿ, ಕಾಲು ಗಂಟೆ ಬಿಟ್ಟು ಇನ್ನೊಂದು ಹೊಡೆಸಿ, ಹೋಲಿಸಿ. ರೈಫಲಿಗೆ ಆಸರೆ ಕೊಟ್ಟು ನುರಿತವರಿಂದ 10 ಮೀಟರಿನಲ್ಲಿ ಐದು ಶಾಟ್ ಹೊಡೆಸಿದರೆ ಚಪ್ಪಟೆ ಮೂತಿಯ ಮ್ಯಾಚ್ ಪೆಲೆಟ್ ಒಂದೇ ಹರುಕು ತೂತು ಮಾಡಬೇಕು. ಬಿಡಿಬಿಡಿಯಾಗಿ ಬಿದ್ದರೆ ಪೆಲೆಟ್ ಬದಲಿಸಿ ನೋಡಿ. ಆಮೇಲೂ ಹಾಗೇ ಇದ್ದರೆ ಬ್ಯಾರೆಲ್ ತುದಿಗೆ ಹತ್ತಿ ತಾಗಿಸಿ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಅಂಚು ಪೆಟ್ಟು ತಿಂದಿದೆ.

ಹಿಂದಿನ ಸೈಟ್, ಅಂದರೆ ಡಯಾಪ್ಟರ್, ಇಲ್ಲದೆ ‘ಬರೀ ರೈಫಲ್’ ಮಾರುವುದು ಮಾಮೂಲಿ ಆಟ. ಅದೊಂದಕ್ಕೇ ದೊಡ್ಡ ಮೊತ್ತ ಬೀಳುತ್ತದೆ. ಇದ್ದರೆ ಬಲಕ್ಕೆ ಹತ್ತು ಕ್ಲಿಕ್, ಎಡಕ್ಕೆ ಹತ್ತು ಕ್ಲಿಕ್ ತಿರುಗಿಸಿ. ಗುರಿ ಮೊದಲಿನ ಜಾಗಕ್ಕೇ ಮರಳಬೇಕು.

ಅಳತೆ ವಿಷಯಕ್ಕೆ ಬಂದರೆ, ನಿಯಮದ ಪ್ರಕಾರ ಗರಿಷ್ಠ ತೂಕ 5.5 ಕೆ.ಜಿ., ಹಾಗೆಂದು ಹನ್ನೆರಡರ ಮಗುವಿನ ಕೈಗೆ ಅಷ್ಟು ಭಾರ ಹೊರಿಸಬೇಡಿ. ಹೆಗಲಿಗೆ ತಾಗುವ ಬಟ್ ಪ್ಲೇಟ್ ಪೂರ್ತಿ ಒಳಗೆ ತಳ್ಳಿದ ಮೇಲೂ ಕಣ್ಣು ಡಯಾಪ್ಟರಿಗೆ ತಲುಪಲು ಕತ್ತು ಚಾಚಬೇಕಾದರೆ ಅದು ದೊಡ್ಡವರ ರೈಫಲ್. ಎಡಗೈ ರೈಫಲೋ ಬಲಗೈ ರೈಫಲೋ ಎಂದು ಆರಿಸುವ ಮುಂಚೆ ಯಾವ ಕಣ್ಣು ಪ್ರಬಲ ಎಂದು ಕೋಚ್ ಹತ್ತಿರ ನೋಡಿಸಿ. ಬಲಗೈಯವರಿಗೆ ಕೆತ್ತಿದ ಮರದ ಸ್ಟಾಕನ್ನು ಎಡಗೈಗೆ ತಿರುಗಿಸಲಾಗದು. ಬದಲಾಯಿಸಬಹುದಾದ ಅಲ್ಯುಮಿನಿಯಂ ಸ್ಟಾಕ್ ಆದರೂ ಗ್ರಿಪ್ ಬೇರೆಯೇ ತರಿಸಬೇಕು.

4.5 ಮಿ.ಮೀ. ಬೋರ್ (ಬ್ಯಾರೆಲ್ಲಿನ ಒಳವ್ಯಾಸ), ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲಿನ ಶಕ್ತಿ ಇದರ ಅರ್ಧಕ್ಕಿಂತ ಕಡಿಮೆ. ಬಿಲ್ ಬೇಡ ಎಂದು ಇದರರ್ಥವಲ್ಲ. ರೈಫಲ್ ಮೇಲಿನ ಸೀರಿಯಲ್ ನಂಬರ್ ಹಾಕಿದ ಬಿಲ್, ಹೊರದೇಶದ್ದಾದರೆ ಆಮದು ಕಾಗದ, ಎರಡೂ ಕೈಗೆ ಬರದೆ ದುಡ್ಡು ಹಾಕಬೇಡಿ. ಸುಂಕ ರಿಯಾಯಿತಿಯಲ್ಲಿ ಆಟಗಾರರೊಬ್ಬರು ತರಿಸಿದ್ದಾದರೆ ಮರುಮಾರಾಟಕ್ಕೆ ಷರತ್ತು ಇದೆಯೇ ಎಂದು ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ.

ಕೊಂಡ ಮೇಲೆ ಗಾಳಿಯ ಪ್ರಶ್ನೆ. ಅಡಾಪ್ಟರಿನ ತಿರುಪು (ಥ್ರೆಡ್) ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ನಿಮ್ಮ ಸಿಲಿಂಡರಿಗೆ ಹೊಂದುವುದನ್ನೇ ರೈಫಲ್ ಜೊತೆ ಕೇಳಿ ಪಡೆಯಿರಿ. ಕ್ಲಬ್ಬಿನ ಸ್ಕೂಬಾ ಟ್ಯಾಂಕ್, ತೇವ ಹೀರುವ ಫಿಲ್ಟರ್ ಇರುವ ಕಂಪ್ರೆಸರ್ ಅಥವಾ ಕೈಪಂಪ್‌ನಿಂದ ಮಾತ್ರ ತುಂಬಿಸಿ. ಮೇಲೆ ಹೇಳಿದ ಮನೆಯವರಿಗೆ ಯಾರೋ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿಬಿಡಿ, ಅದೂ ಗಾಳಿಯೇ ಅಂದಿದ್ದರಂತೆ. ಒತ್ತಡದ ಆಕ್ಸಿಜನ್ ಒಳಗಿನ ಗ್ರೀಸು, ಎಣ್ಣೆ ತಾಗಿದರೆ ಹೊತ್ತಿಕೊಂಡು ಸಿಲಿಂಡರನ್ನೇ ಸಿಡಿಸಬಲ್ಲದು. ಪುಣ್ಯಕ್ಕೆ ಅಡಾಪ್ಟರ್ ಇಲ್ಲದ್ದರಿಂದ ಅದು ನಡೆಯಲಿಲ್ಲ.